ಇದ್ದಲ್ಲೇ ಇಡಬೇಕು

ಕೂತಲ್ಲಿ ಕೂರುವ ಹೆಂಗಸಲ್ಲ ನಾನು. ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಿರುತ್ತದೆ. ಹೋದ ವರ್ಷ ಹಂಪಿಯ ಇಪ್ಪತ್ತೊಂದು ಕಿಲೋಮೀಟರ್ ಓಟದಲ್ಲಿ ಮೊಣಕಾಲು ಕೈಕೊಟ್ಟು, ಓಟದ ವಾಪಸು ದಾರಿಯಲ್ಲಿ ಒಂದು ಮೋರಿಯ ಮೇಲೆ ಕೂತುಬಿಟ್ಟಿದ್ದೆ. ಗಂಡ ಈಶ್ವರ್ ನಮ್ಮ ಮಿಲ್ಲಿನ ಟೆಂಪೋದಲ್ಲಿ ನನ್ನನ್ನು ಹಾಕಿಕೊಂಡು ಬಂದರು. ಆ ಅವಮಾನ ಇನ್ನೂ ಆರಿಲ್ಲ.

"ಬರೀ ಓಡಿದರೆ ಸಾಲದು. ಭಾರ ಎತ್ತಿ ತೊಡೆ ಗಟ್ಟಿ ಮಾಡಿಕೊಳ್ಳಿ, ಇಲ್ಲವಾದರೆ ಓಟ ಮರೆತುಬಿಡಿ" ಎಂದರು ಹೊಸಪೇಟೆಯ ಫಿಸಿಯೋ. ನಮ್ಮ ಓಣಿಯ ಜಿಮ್ಮಿನಲ್ಲಿ ಹೆಂಗಸರಿಗೆ ಜಾಗವಿಲ್ಲ. ಆದರೆ ಕಂಪ್ಲಿಯಲ್ಲಿ ನಮ್ಮದೇ ರೈಸ್ ಮಿಲ್ಲಿದೆ, ಭಾರಕ್ಕೇನು ಬರ? ಬೆಳಗ್ಗೆ ಹಮಾಲರು ಬರುವ ಮೊದಲೇ ಗೋದಾಮಿಗೆ ಹೋಗಿ, ಇಪ್ಪತ್ತೈದು ಕೆಜಿ ಅಕ್ಕಿ ಚೀಲ ಹೆಗಲಿಗೇರಿಸಿ ಬೈಠಕ್ ಹೊಡೆದು, ಬಾಗಿಲ ಬಳಿ ಒಯ್ದು ಪೇರಿಸುತ್ತಿದ್ದೆ. ನನ್ನ ಕಸರತ್ತೂ ಆಯಿತು, ಲಾರಿಗೆ ತುಂಬಲು ಅನುಕೂಲವೂ ಆಯಿತು ಎಂದು ಬೀಗುತ್ತಿದ್ದೆ.

ಒಂದು ಸೋಮವಾರ ಹಮಾಲರು ಚೀಲ ಮುಟ್ಟಲಿಲ್ಲ. ಲಾರಿ ಅಂಗಳದಲ್ಲೇ ನಿಂತಿತು.

"ಮಾಲಕರ ಮನಿಯವ್ರೇ ಚೀಲ ಹೊತ್ರ ನಾವ್ಯಾಕ ಬೇಕ್ರಿ?" ಎಂದರು ಹಿರಿಯ ಹಮಾಲ ಕೆಂಚಣ್ಣ.

ಈಶ್ವರ್ ನನ್ನ ಮೇಲೆ ಹರಿಹಾಯ್ದರು. "ತ್ರಿವೇಣಿ, ನಿನ್ನ ಓಟನೂ ಬ್ಯಾಡ, ಕಸರತ್ತೂ ಬ್ಯಾಡ. ಸುಮ್ನ ಮನ್ಯಾಗ ಕುಂದ್ರು!"

ಕುಂದ್ರು ಅಂದರೇ ನನಗೆ ಮೈ ಉರಿಯುತ್ತದೆ. ಸೀದಾ ಕೆಂಚಣ್ಣನ ಮುಂದೆ ಹೋಗಿ ನಿಂತೆ.

"ನಿಮ್ಮ ಕೂಲಿ ತಪ್ಪಿಸಾಕ ಅಲ್ಲ ಕೆಂಚಣ್ಣ. ಭಾರ ಎತ್ತದಿದ್ರ ಮೊಣಕಾಲು ನಿಲ್ಲಂಗಿಲ್ಲ, ನಾ ಓಡಂಗಿಲ್ಲ" ಎನ್ನುವಾಗ ಸಿಟ್ಟಿಗೇ ಅಳು ಬಂತು.

ಅವರು ಹೆಗಲ ಟವೆಲ್ ಕೊಡವಿದರು. "ಎತ್ರಿ ಅಕ್ಕಾರ. ಆದ್ರ ಎಲ್ಲಿಂದ ತಗೊಂಡ್ರೋ ತಿರುಗಿ ಅಲ್ಲೇ ಇಡ್ರಿ. ಆಗ ಅದು ನಮ್ಮ ಕೆಲಸ ಆಗಂಗಿಲ್ಲ, ನಿಮ್ಮ ಆಟ ಆಕ್ಕೈತಿ."

ಲಾರಿ ತುಂಬಿತು, ನನಗೆ ಹೊರುವುದು ದುಪ್ಪಟ್ಟಾಯಿತು. ಬಾಗಿಲಿಗೆ ಒಯ್ಯುವಷ್ಟರಲ್ಲೇ ಸಾಕುಸಾಕಾಗಿರುತ್ತಿತ್ತು. ವಾಪಸು ಒಯ್ಯುವಾಗ ಎಲ್ಲರನ್ನೂ ಬೈದುಕೊಳ್ಳುತ್ತಿದ್ದೆ. ಬೇಗ ಬಂದ ಹಮಾಲರು ನೋಡಿ ನಗುತ್ತಿದ್ದರು. ಸಂಜೆ ಕಾಲುವೆ ದಾರಿಯಲ್ಲಿ ಓಟ. ಮಲಗಿದ ಮೇಲೂ ಮೊಣಕಾಲು ಮಡಚಿ, ಬಿಚ್ಚಿ ನೋಡುತ್ತಿದ್ದೆ.

ಈ ವರ್ಷದ ಓಟದ ಭಾನುವಾರ ಬಂತು. ಹಂಪಿಯಿಂದ ಬುಕ್ಕಸಾಗರಕ್ಕೆ ಹೋಗಿ ಮರಳಬೇಕು. ಬುಕ್ಕಸಾಗರದ ತಿರುವಿನಲ್ಲೇ ಮೊಣಕಾಲು ಚುಳ್ ಎಂದಿತು. ಅದೇ ಊರಿನವರಾದ ಕೆಂಚಣ್ಣ ಬಿಳಿ ಅಂಗಿ ತೊಟ್ಟು ರಸ್ತೆ ಬದಿ ನಿಂತಿದ್ದರು.

"ಅಕ್ಕಾರ, ಇಲ್ಲೀತನ ತಂದೀರಿ. ಈಗ ತಗೊಂಡ್ ಹೋಗಿ ಇದ್ದಲ್ಲೇ ಇಡ್ರಿ!"

ಆ ನೋವಿನಲ್ಲೂ ನಗು ಬಂತು. ವಾಪಸು ಒಯ್ಯುವುದು ನನಗೇನು ಹೊಸದೇ? ಹೆಜ್ಜೆ ಚಿಕ್ಕದು ಮಾಡಿ ಓಡಿದೆ. ಬಾಳೆತೋಟ ದಾಟಿದ ಮೇಲೆ ಹೋದ ವರ್ಷದ ಆ ಮೋರಿ ಕಂಡಿತು. ಪಕ್ಕದಲ್ಲೇ ನಮ್ಮ ಟೆಂಪೋ. ಈಶ್ವರ್ ಹಿಂದಿನ ಬಾಗಿಲು ತೆರೆದು, ಜಮಖಾನ ಹಾಸಿ ಕಾಯುತ್ತಿದ್ದರು. ಸಿಟ್ಟು ನೆತ್ತಿಗೇರಿತು, ಕಾಲು ಮಾತ್ರ ನಿಲ್ಲಲಿಲ್ಲ. ಮೊಣಕಾಲು ನೋಯುತ್ತಿತ್ತು, ಕುಸಿಯಲಿಲ್ಲ.

ಟೆಂಪೋದ ತಗಡಿಗೊಂದು ಬಡಿದು, ಮುಂದೆ ಓಡುತ್ತಲೇ ಕೂಗಿದೆ: "ಖಾಲಿ ಗಾಡಿ ತಗೊಂಡ್ ಹಂಪಿಗೆ ಬರ್ರಿ!"