ಅಕ್ಕಿ ಕೇರೋ ಕೈ

"ಊಟಾ... ಆಯ್ತಾ... ತಾಯೀ?"

ಹೊನ್ನಯ್ಯ ಮೇಷ್ಟ್ರು ವನಜಾಳ ಕಿವಿಯ ಹತ್ತಿರ ಬಾಯಿ ತಂದು ಕಿರುಚಿದರು. ಸಾಲದ್ದಕ್ಕೆ ಐದು ಬೆರಳು ಕೂಡಿಸಿ ಬಾಯಿಗೆ ತುತ್ತಿಡುವ ಹಾಗೆ ಮಾಡಿ ತೋರಿಸಿದರು. ವನಜಾ ಬೆಚ್ಚಿ ಹಿಂದೆ ಸರಿದಳು. ಜನ ಜೋರಾಗಿ ಮಾತಾಡುವುದು ಅವಳಿಗೇನೂ ಹೊಸದಲ್ಲ. ಅವಳ ಊರು ಹೊಳಲಿನಲ್ಲಿ ಎಮ್ಮೆಯನ್ನು ಕೂಗುವುದಕ್ಕೂ ಗಂಡನನ್ನು ಕೂಗುವುದಕ್ಕೂ ಒಂದೇ ದನಿ. ಆದರೆ ರಿಟೈರಾದ ಹೈಸ್ಕೂಲು ಮೇಷ್ಟ್ರು, ಮೇಲಾಗಿ ಮಂಡ್ಯದ ಇಂಪು ಮ್ಯೂಸಿಕ್ ಕ್ಲಬ್ಬಿನ ಅಧ್ಯಕ್ಷರು, ಗುರುತು ಪರಿಚಯವಿಲ್ಲದ ಹೆಂಗಸಿನ ಕಿವಿಗೆ ಹೀಗೆ ಅರಚುವುದೆಂದರೇನು?

ಅವಳು ಮಾಡಿದ್ದಿಷ್ಟೆ. ಮೆಟ್ಟಿಲು ಹತ್ತಿ ಬಂದವಳು, ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತ ನಿಂತಿದ್ದ ಅವರು ಬಾಯಿ ತೆರೆಯುವ ಮೊದಲೇ, "ನಾನು ಒಳಲು ಸಸಿದರವ್ರ ಎಂಡ್ತಿ" ಅಂದಿದ್ದಳು. ಮೇಷ್ಟ್ರ ಮುಖದಲ್ಲಿ ಮೊದಲು ಬೆರಗು ಕಾಣಿಸಿತು, ಆಮೇಲೆ ಕರುಣೆ. ಆ ಕರುಣೆ ಅವಳಿಗೆ ಚೂರೂ ಹಿಡಿಸಲಿಲ್ಲ. ಅವರು ಮುಂದೆ ಮುಂದೆ ನಡೆದು, ಕುರ್ಚಿಗಳನ್ನು ಸರಿಸಿ, ಮೊದಲ ಸಾಲಿನಲ್ಲಿ ಆಳೆತ್ತರದ ಸ್ಪೀಕರಿಗೆ ಎದುರಾಗಿ ಅವಳನ್ನು ಕೂರಿಸಿದರು. "ಇಲ್ಲಾದ್ರೆ... ಎದೆಗೆ... ಬಡಿಯುತ್ತೆ... ಸೌಂಡು!" ಎಂದು ತಮ್ಮ ಎದೆಯನ್ನೇ ಗುದ್ದಿಕೊಂಡು ತೋರಿಸಿದರು.

ವೇದಿಕೆಯ ಮೇಲೆ ಮೈಕು ಪರೀಕ್ಷಿಸುತ್ತಿದ್ದ ಶಶಿಧರ "ಹಲೋ, ಹಲೋ" ಎನ್ನುತ್ತ ತಿರುಗಿದವನು ಹೆಂಡತಿಯನ್ನು ಕಂಡ. ಮೂರನೆಯ ಹಲೋ ಬಾಯಿಂದ ಈಚೆ ಬರಲಿಲ್ಲ.

ವನಜಾ ಬಂದದ್ದೇ ಜಗಳಕ್ಕೆ. ಅವಳ ಗಂಡ ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತ. ಮೂರು ವರ್ಷದಿಂದ ತಿಂಗಳಿಗೊಂದು ಭಾನುವಾರ ಇಸ್ತ್ರಿ ಜುಬ್ಬ ಹಾಕಿಕೊಂಡು ಈ ಕ್ಲಬ್ಬಿಗೆ ಹೊರಡುತ್ತಾನೆ. ಹಾಡು ಅಂದರೆ ಪ್ರಾಣ ಬಿಡುವವಳು ಅವಳು. ನಾನೂ ಬರುತ್ತೇನೆಂದು ಎಷ್ಟು ಸಲ ಕೇಳಿದ್ದಳೋ. "ಅಲ್ಲಿಗೆ ಎಂಗಸ್ರು ಬರಾಕಿಲ್ಲ ಕಣೆ" ಎಂದೇ ಪ್ರತಿ ಸಲವೂ ಬಾಯಿ ಮುಚ್ಚಿಸಿದ್ದ. ಹೋದ ವಾರ ಮದ್ದೂರಿನಿಂದ ಬಂದಿದ್ದ ಅಣ್ಣನ ಮಗಳು ನಯನ, "ಅತ್ತೆ, ಮಾವ ಆಡ್ತಾವ್ರೆ ನೋಡು" ಎಂದು ಮೊಬೈಲು ಹಿಡಿದಿದ್ದಳು. ಮಾವ ಹಾಡುತ್ತಿದ್ದದ್ದು ನಿಜ. ಮೊದಲ ಸಾಲಿನ ತುಂಬ ರೇಷ್ಮೆ ಸೀರೆಯ ಹೆಂಗಸರಿದ್ದದ್ದೂ ನಿಜ.

ಆ ರೇಷ್ಮೆ ಸೀರೆಗಳೆಲ್ಲ ಈಗ ಅವಳ ಹಿಂದೆಯೇ ಕೂತಿದ್ದವು.

"ಇವಳೇನ್ರೀ ಶಶಿಧರ್ ಹೆಂಡ್ತಿ?" ಎಂದಳು ಒಬ್ಬಳು, ದನಿ ತಗ್ಗಿಸುವ ಗೋಜಿಗೂ ಹೋಗದೆ.

"ಹೂಂ, ಪಾಪ. ಮದುವೆಯಾದ ವರ್ಷವೇ ಜ್ವರ ಬಂದು ಎರಡು ಕಿವಿನೂ ಹೋಯ್ತಂತೆ. ತಮಟೆ ಬಡಿದ್ರೂ ಕೇಳಲ್ಲವಂತೆ." ಇದು ಮೇಷ್ಟ್ರ ಹೆಂಡತಿ ಯಶೋದಮ್ಮ. "ಇನ್ನೊಬ್ಬನಾಗಿದ್ರೆ ಬಿಟ್ಟು ಇನ್ನೊಂದು ಕಟ್ಕೋತಿದ್ದ. ಇವರು ನೋಡಿ, ಕಿವುಡಿ ಜೊತೆ ಸಂಸಾರ ಮಾಡ್ತಾ ಹಾಡ್ತಾರೆ. ಮನೇಲಿ ಕೇಳೋಕೆ ಒಂದು ಕಿವಿ ಇಲ್ಲ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡಿದ್ರು ನಮ್ಮನೆಯವರ ಮುಂದೆ."

"ಸೀರೆ ನೋಡಿದ್ರೆ ಕಣ್ಣೂ ಅಷ್ಟಕ್ಕಷ್ಟೇ ಅನ್ನಿಸುತ್ತೆ."

ಇಬ್ಬರೂ ಕಿಸಕ್ಕೆಂದರು. ಕೇಳಿಸದವಳ ಬೆನ್ನ ಹಿಂದೆ ಜನಕ್ಕೆ ಎಷ್ಟು ಸಲೀಸು! ವನಜಾಳಿಗೆ ಎದ್ದು ಇಬ್ಬರ ಜುಟ್ಟೂ ಹಿಡಿಯಬೇಕೆನ್ನಿಸಿತು. ಆದರೆ ಇವರಿಗಿಂತ ಮೊದಲು ಲೆಕ್ಕ ಚುಕ್ತಾ ಆಗಬೇಕಾದವನು ವೇದಿಕೆಯ ಮೇಲಿದ್ದ. ಅವಳು ತಿರುಗಲಿಲ್ಲ. ತೊಡೆಯ ಮೇಲಿನ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತ ಎದುರಿಗೇ ನೋಡುತ್ತ ಕೂತಳು. ಇನ್ನೂ ಏನೇನು ಅಂದಿದ್ದಾನೋ, ಎಲ್ಲವನ್ನೂ ಕೇಳಿಯೇಬಿಡೋಣ ಅನ್ನಿಸಿತು.

ಕಾರ್ಯಕ್ರಮ ಶುರುವಾಯಿತು. ಹೊನ್ನಯ್ಯ ಮೇಷ್ಟ್ರು ವೇದಿಕೆಯ ಪಕ್ಕದ ಮೇಜಿಗೆ ಕೂತು, ಕಚೇರಿಗಳಲ್ಲಿ ಜವಾನನನ್ನು ಕರೆಯಲು ಇಡುತ್ತಾರಲ್ಲ, ಅಂಥ ಒಂದು ಗಂಟೆಯನ್ನು ಮುಂದಿಟ್ಟುಕೊಂಡರು. ಈ ಕ್ಲಬ್ಬಿನ ಕಾನೂನು ಇದು: ಹಾಡುವವರು ಎಲ್ಲಿ 'ಹ' ನುಂಗಿದರೂ ಅಲ್ಲಿ ಟಣ್. ಹಾಡು ನಿಲ್ಲಬೇಕು, ಮೊದಲಿನಿಂದ ಶುರುವಾಗಬೇಕು. ಶ್ರುತಿ ತಪ್ಪಿದರೆ ಮೇಷ್ಟ್ರು ಕ್ಷಮಿಸುತ್ತಿದ್ದರು, ತಾಳ ತಪ್ಪಿದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. 'ಹ' ಮಾತ್ರ ತಪ್ಪುವ ಹಾಗಿಲ್ಲ. ಮೊದಲು ಹಾಡಿದ ಹಲಗೂರಿನ ಮೆಡಿಕಲ್ ಸ್ಟೋರಿನವನಿಗೆ "ಹೂವು" ಬಂದಲ್ಲೆಲ್ಲ ಟಣ್ ಬಿತ್ತು. ಕೊನೆಗೆ ಅವನು ಹಾಡು ಬಿಟ್ಟು ಬೆವರು ಒರೆಸಿಕೊಳ್ಳುತ್ತ ಇಳಿದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಈ ಟಣ್‌ಗೆ ಹೆದರಿಯೇ ಶಶಿಧರ ಮನೆಯಲ್ಲಿ ದೀಪದ ಮುಂದೆ ಕೂತು ಹ, ಹಾ ಎನ್ನುತ್ತಿದ್ದದ್ದು. ಹ ಸರಿಯಾಗಿ ಬಂದರೆ ದೀಪದ ಕುಡಿ ಅಲುಗಬೇಕಂತೆ. ಒಂದು ದಿನ ಊಟಕ್ಕೆ ಕೂತಾಗ ಅದೇ ಗುಂಗಿನಲ್ಲಿ, "ಇನ್ನೊಂಚೂರು ಹನ್ನ ಹಾಕು" ಅಂದುಬಿಟ್ಟಿದ್ದ. ವನಜಾ ನೆತ್ತಿಗೆ ಹತ್ತುವಷ್ಟು ನಕ್ಕಿದ್ದಳು. ನಕ್ಕು ಸುಮ್ಮನಾಗದೆ ಬೀದಿಗೆಲ್ಲ ಹೇಳಿದ್ದಳು. ಒಂದು ತಿಂಗಳು ಹೊಳಲಿನ ಪಡ್ಡೆಗಳು ಅವನನ್ನು ಕಂಡಲ್ಲೆಲ್ಲ "ಹನ್ನ ಆಯ್ತಾ ಸಸಿಯಣ್ಣ" ಎಂದು ಕಾಡಿದ್ದವು. ಅಂದಿನಿಂದ ಅವನು ಮನೆಯಲ್ಲಿ ಹಾಡುವುದನ್ನೇ ಬಿಟ್ಟ. ನಕ್ಕದ್ದು ತಪ್ಪೇ ಇರಬಹುದು. ಆದರೆ ನಕ್ಕವಳ ಕಿವಿಯನ್ನೇ ಕಿತ್ತು ಊರಿಗೆ ಹಂಚಬೇಕೇ?

ಚಂದನ ಎಂಬವಳ ಜೊತೆ ಶಶಿಧರ ಒಂದು ಯುಗಳ ಗೀತೆ ಹಾಡಿದ. ಒಂದೇ ಒಂದು ಟಣ್ ಇಲ್ಲ. ಚೆನ್ನಾಗಿಯೇ ಹಾಡಿದ, ಅದು ಅವಳಿಗೆ ಇನ್ನೂ ಉರಿಸಿತು. ಇಷ್ಟು ಒಳ್ಳೆಯ ದನಿಯನ್ನು ಮನೆಯಲ್ಲಿ ಅಡಗಿಸಿಟ್ಟು, ಇಲ್ಲಿ ಬಂದು ಇವರಿಗೆ ಸುರಿಯುತ್ತಿದ್ದಾನೆ. ಸಿಟ್ಟಿನಲ್ಲೂ ಅವಳ ಕಾಲ್ಬೆರಳು ತಾನಾಗಿ ತಾಳ ಹಾಕುತ್ತಿತ್ತು.

ಹಾಡು ಮುಗಿದ ಮೇಲೆ ಮೇಷ್ಟ್ರು ಮೈಕು ತೆಗೆದುಕೊಂಡರು. "ಬಂಧುಗಳೇ, ನಮ್ಮ ಶಶಿಧರ್ ಪ್ರತಿ ತಿಂಗಳೂ ಒಂದು ಹಾಡನ್ನು, ಕೇಳಿಸಿಕೊಳ್ಳಲಾರದ ಜೀವವೊಂದಕ್ಕೆ ಅರ್ಪಿಸುತ್ತಾರೆ. ಆ ಜೀವ ಇಂದು ನಮ್ಮ ನಡುವೆ ಇದೆ!" ಸಭೆ ಅವಳತ್ತ ತಿರುಗಿತು. ಚಪ್ಪಾಳೆ ಅವಳಿಗೆ ಕೇಳಿಸುವುದಿಲ್ಲವೆಂದು ಎಲ್ಲರೂ ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರು. ವನಜಾಳಿಗೆ ಅಷ್ಟೂ ಕೈಗಳನ್ನು ಮುರಿಯಬೇಕೆನ್ನಿಸಿತು.

ವಿರಾಮದಲ್ಲಿ ವಡೆ, ಕಾಫಿ ಬಂತು. ಶಶಿಧರ ವೇದಿಕೆಯಿಂದ ಇಳಿದು ನೇರ ಬಂದವನೇ ಅವಳ ಪಕ್ಕ ಕುಕ್ಕರಿಸಿ, ಮುಖದಲ್ಲಿ ನಗು ಇಟ್ಟುಕೊಂಡೇ ಹಲ್ಲಿನ ಸಂದಿಯಿಂದ ಪಿಸುಗುಟ್ಟಿದ.

"ಯಾರ್ ಕೇಳ್ಕಂಡ್ ಬಂದೆ ನೀನು? ಸುಮ್ನೆ ಕೂತಿದ್ದು ಎದ್ದೋಗು. ಮೇಷ್ಟ್ರು ಪ್ರತಿ ಸತಿನೂ ನಿಮ್ಮೋರ್ನ ಕರ್ಕಂಬನ್ನಿ ಅಂತ ಪ್ರಾಣ ತಿಂತಿದ್ರು. ಕರ್ಕಂಬಂದ್ರೆ ನೀನು ಆ ಹನ್ನದ್ ಕತೆ ಇಲ್ಲೂ ಏಳಿ ನಗಾಡ್ತೀಯಲ್ಲ, ಅದ್ಕೆ ಕಿವಿ ಕೇಳಾಕಿಲ್ಲ ಅಂತ ಒಂದ್ ಮಾತು ಅಂದ್ಬುಟ್ಟೆ. ಅದು ಬೆಳ್ಕಂತು. ನನ್ ಮಾನ ಕಳೀಬ್ಯಾಡ ಕಣೆ."

ವನಜಾ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಸಭೆಗೆಲ್ಲ ಕೇಳುವ ಹಾಗೆ ಕೂಗಿದಳು.

"ಏನ್ರೀ? ಕೇಳುಸ್ತಿಲ್ಲ. ಜೋರಾಗ್ ಏಳಿ!"

ಸುತ್ತಲಿನವರು ಅಯ್ಯೋ ಪಾಪ ಎಂದರು. ಯಶೋದಮ್ಮ ವಡೆ ಹಿಡಿದ ಕೈಯಲ್ಲೇ ಶಶಿಧರನ ಬೆನ್ನು ಸವರಿ, "ನಿಮ್ಮ ತಾಳ್ಮೆ ದೊಡ್ಡದು" ಅಂದಳು. ಶಶಿಧರನ ಮುಖದ ನಗು ಒಣಗಿತು. ಎದ್ದು ಹೋದ.

ರಿದಮ್ ಪ್ಯಾಡ್ ನುಡಿಸುವ ಕಬೀರ್ ಅವಳಿಗೊಂದು ಕಾಫಿ ತಂದುಕೊಟ್ಟ. ಪೇಟೆಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಅವನದು. ಉಗುರಿನಲ್ಲಿ ಇನ್ನೂ ಗ್ರೀಸ್ ಇತ್ತು. ಕೊಟ್ಟು, ಬೇರೆ ಕಡೆ ನೋಡುತ್ತ ಮೆಲ್ಲಗೆ ಅಂದ: "ಎದೆಗ್ ಬಡಿಯೋ ಸೌಂಡಿಗೆ ಕಾಲು ಇಷ್ಟ್ ಕರೆಕ್ಟಾಗಿ ಬೀಳಲ್ಲ ಬುಡಕ್ಕಾ." ವನಜಾ ಅವನನ್ನು ದುರುಗುಟ್ಟಿ ನೋಡಿದಳು. ಅವನು ತನ್ನ ಜಾಗಕ್ಕೆ ಹೋಗಿ ಕೂತ.

ವಿರಾಮದ ನಂತರ ಮತ್ತೆ ಶಶಿಧರನ ಸರದಿ. ಸಿನಿಮಾ ಹಾಡಲ್ಲ, ಈ ಸಲ ಜಾನಪದ ಎಂದರು ಮೇಷ್ಟ್ರು. "ಇದು ಶಶಿಧರ್ ಅವರೇ ಹಳ್ಳಿ ಹಳ್ಳಿ ತಿರುಗಿ ಹುಡುಕಿ ತಂದ ಪದ. ಇಂದಿನ ಅರ್ಪಣೆ ಇದೇ."

ಕಬೀರನ ಪ್ಯಾಡು ಶುರುವಾಯಿತು. ಧಾಟಿ ಕೇಳಿದ್ದೇ ವನಜಾಳಿಗೆ ಗುರುತು ಸಿಕ್ಕಿತು. ಅದು ಅವಳವ್ವ ಮುದ್ದಮ್ಮನ ಪದ. ಬಸರಾಳಿನ ಮನೆಯ ಜಗಲಿಯಲ್ಲಿ ಮೊರ ಹಿಡಿದು ಕೂತರೆ ಅವ್ವನ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ: 'ಅಕ್ಕಿ ಕೇರೋ ಕೈಗೆ ಅಸುರು ಬಳೆ ತೊಡಿಸವ್ವ, ಆಲು ಕಾಸೋ ಕೈಗೆ ಅರಿಸಿನ ಅಚ್ಚವ್ವ.' ವನಜಾಳ ಮದುವೆಯಲ್ಲಿ ಅವ್ವ ಅದನ್ನು ಹಾಡುತ್ತ ಹಾಡುತ್ತ ಅತ್ತಿದ್ದಳು. ಪಕ್ಕದಲ್ಲೇ ಬಾಸಿಂಗ ಕಟ್ಟಿಕೊಂಡು ಈ ಮನುಷ್ಯ ಕೂತಿದ್ದ. ಅವ್ವ ಹೋಗಿ ಎರಡು ವರ್ಷ. ಹಳ್ಳಿ ಹಳ್ಳಿ ತಿರುಗಿದನಂತೆ! ಕಿವಿ ಕಿತ್ತುಕೊಂಡದ್ದನ್ನು ಹೇಗೋ ನುಂಗಿಕೊಂಡಿದ್ದಳು. ಅವ್ವನನ್ನು ಕಿತ್ತುಕೊಂಡದ್ದನ್ನು ನುಂಗುವುದಕ್ಕಾಗಲಿಲ್ಲ. ಕಣ್ಣು ತುಂಬಿ ಬಂತು. ಹಿಂದಿನಿಂದ ಯಶೋದಮ್ಮ, "ಬಾಯಿ ನೋಡೇ ಅರ್ಥ ಮಾಡ್ಕೋತಾ ಇದ್ದಾಳೆ ಕಣ್ರೀ, ಪಾಪ" ಅಂದಳು.

ಶಶಿಧರ ಕಣ್ಣು ಮುಚ್ಚಿದ್ದ. ತೆರೆದ. ಎದುರಿಗೆ ಹೆಂಡತಿ, ಪಕ್ಕದಲ್ಲಿ ಗಂಟೆಯ ಮೇಲೆ ಬೆರಳಿಟ್ಟ ಮೇಷ್ಟ್ರು. ದೀಪದ ಮುಂದೆ ಪಳಗಿಸಿದ ನಾಲಿಗೆ ಹೆದರಿಕೆಯಲ್ಲಿ ತನ್ನ ಪಾಡಿಗೆ ತಾನು ಹೊರಳಿತು.

"ಹಕ್ಕಿ ಕೇರುವ ಕೈಗೆ ಹಸುರು ಬಳೆ ತೊಡಿಸವ್ವ..."

ಟಣ್ ಆಗಲಿಲ್ಲ. ಸಭೆಯಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದಾಗಿನಿಂದ ಮನೆಯಲ್ಲಿ ಮೊರ ನೋಡಿದವರು. ಕೇರುವುದು ಅಕ್ಕಿಯನ್ನೇ ಹೊರತು ಹಕ್ಕಿಯನ್ನಲ್ಲ ಎಂದು ಅವರಿಗೆಲ್ಲ ಗೊತ್ತು. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕದ್ದೂ ಕೇಳಿಸಿತು. ಆದರೆ ಮೇಷ್ಟ್ರು ತಲೆದೂಗಿಬಿಟ್ಟಿದ್ದರು. "ಆಹಾ! ಹಕ್ಕಿಯನ್ನು ಕೇರುವ ಕೈ! ಎಂಥ ಕಲ್ಪನೆ!" ಎಂದು ಗಟ್ಟಿಯಾಗಿ ಉದ್ಗರಿಸಿದರು. ಮೇಷ್ಟ್ರು ಆಹಾ ಅಂದ ಮೇಲೆ ಸಭೆಯೂ ಆಹಾ ಅಂದಿತು. ಶಶಿಧರನಿಗೆ ತಪ್ಪು ತಿಳಿದಿತ್ತು. ಅವನ ಕಿವಿಯ ತುದಿ ಕೆಂಪಾದದ್ದನ್ನು ವನಜಾ ನೋಡಿದಳು. ಆದರೆ ಆಹಾ ಬಿದ್ದ ಹಕ್ಕಿಯನ್ನು ಮತ್ತೆ ಅಕ್ಕಿ ಮಾಡುವ ಧೈರ್ಯ ಅವನಿಗಿರಲಿಲ್ಲ. ಪಲ್ಲವಿ ಬಂದಾಗಲೆಲ್ಲ ಹಕ್ಕಿಯನ್ನೇ ಕೇರಿದ. ಕೇರಿ ಕೇರಿ ಮುಗಿಸಿ, ಕೈ ಮುಗಿದು, ಬೆವರೊರೆಸಿಕೊಂಡ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ವನಜಾ ಎದ್ದು ನಿಂತಳು.

"ವನ್ಸ್ ಮೋರ್!"

ಈ ಕ್ಲಬ್ಬಿನಲ್ಲಿ ಆ ಮಾತಿಗೆ ತುಂಬ ಬೆಲೆ. ಕೇಳಿದರೆ ಹಾಡಲೇಬೇಕು, ಅದಕ್ಕೇ ಯಾರೂ ಸುಮ್ಮಸುಮ್ಮನೆ ಕೇಳುತ್ತಿರಲಿಲ್ಲ. ಕೂಗಿದವರು ಯಾರೆಂದು ಮೊದಲು ಗೊತ್ತಾಗಲಿಲ್ಲ. ಮೇಷ್ಟ್ರು ಹಿಂದಿನ ಸಾಲುಗಳ ಕಡೆಗೇ ನಗುತ್ತ ನೋಡಿದರು. ಆಮೇಲೆ, ಮೊದಲ ಸಾಲಿನಲ್ಲಿ ನಿಂತೇ ಇದ್ದವಳನ್ನು ಕಂಡರು. ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ, ಪೂರ್ತಿ ನಿಂತುಹೋಯಿತು.

"ಇನ್ನೊಂದ್ ಸತಿ ಏಳ್ರೀ," ಅಂದಳು ವನಜಾ. ಈಗ ಅವಳು ಕೂಗಲಿಲ್ಲ. "ನಮ್ಮವ್ವನ್ ಪದ ಅಲ್ವಾ, ಕೇಳಾವ. ಈ ಸತಿ ಅಕ್ಕಿಯಿಂದ ಸುರು ಮಾಡಿ."

ಏಳ್ರೀ ಎಂಬುದಕ್ಕೋ ಅಕ್ಕಿಗೋ, ಮೇಷ್ಟ್ರ ಬೆರಳು ಅಭ್ಯಾಸದಂತೆ ಗಂಟೆಯ ಮೇಲೆ ಬಿತ್ತು. ಟಣ್.

ವನಜಾ ಅವರ ಕಡೆ ತಿರುಗಿದಳು. "ಗಂಟೆನೂ ಕೇಳುಸ್ತು ಮೇಷ್ಟ್ರೆ." ಆಮೇಲೆ ಇನ್ನೂ ಸ್ವಲ್ಪ ತಿರುಗಿ ಯಶೋದಮ್ಮನನ್ನು ನೋಡಿದಳು. ಯಶೋದಮ್ಮ ಕಾಫಿ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು.

ಯಾರೂ ಹೇಳದಿದ್ದರೂ ಕಬೀರ್ ಪ್ಯಾಡಿನ ಮೇಲೆ ಕೈಯಿಟ್ಟ. ಅದೇ ತಾಳ, ಮೊದಲಿನಿಂದ. ಶಶಿಧರ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಲ್ಲವಿಯ ಜಾಗ ಬಂತು, ಹೋಯಿತು. ಕಬೀರ್ ತಲೆಯೆತ್ತದೆ ಮತ್ತೊಂದು ಸುತ್ತು ಬಡಿದ. ಶಶಿಧರ ಬಾಯಿ ತೆರೆದ. ಆಳೆತ್ತರದ ಸ್ಪೀಕರಿನಿಂದ ಬರೀ ಉಸಿರು ಬಂತು.

ವನಜಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು. ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿಕೊಂಡಳು.