ಬಡ ನೆಲದ ಗಿಡ

ಡಾಕ್ಟರು ಹೆಚ್ಚೆಂದರೆ ಮೂರು ತಿಂಗಳು ಅಂದಿದ್ದರು. ಹಾಸಿಗೆ ಹಿಡಿದ ಹೆಂಡತಿ ಅದನ್ನು ಕೇಳಿ ಅಳಲಿಲ್ಲ; ತಲೆದಿಂಬಿನಡಿಯಿಂದ ಒಂದು ಕಾಗದದ ಪೊಟ್ಟಣ ತೆಗೆದು ಮಾಲಿಯಾಗಿದ್ದ ಗಂಡನ ಕೈಗಿಟ್ಟಳು. ಲಾಂಡ್ರಿಗೆ ಇಸ್ತ್ರಿ ಕೆಲಸಕ್ಕೆ ಹೋಗುತ್ತಿದ್ದ ಇಪ್ಪತ್ತು ವರ್ಷವೂ ರೈಲು ಹಳಿಯ ಪಕ್ಕದ ಜಲ್ಲಿಯಲ್ಲಿ ಅವಳು ನೋಡುತ್ತಾ ಬಂದಿದ್ದ ಕಾಡುಹೂವಿನ ಬೀಜ. ಅವಳ ಕಿಟಕಿಯಾಚೆ ಇದ್ದದ್ದು ಇಟ್ಟಿಗೆ ಚೂರು, ಒಡೆದ ಗಾರೆ ತುಂಬಿದ ನಾಲ್ಕು ಮೊಳ ನೆಲ. ಆ ನೆಲಕ್ಕೆ, ಅಲ್ಲಿ ಬೀಳುವ ಬಿಸಿಲಿಗೆ ಒಗ್ಗುವುದು ಇದೊಂದೇ ಎಂದು ಅವಳ ತೀರ್ಮಾನ. ಹೂ ಬಿಟ್ಟಿದ್ದನ್ನು ಮಲಗಿದಲ್ಲಿಂದಲೇ ಒಮ್ಮೆ ನೋಡಬೇಕು, ಅಷ್ಟೇ.

"ಗೊಬ್ಬರ ಗಿಬ್ಬರ ಹಾಕ್ಬೇಡಿ ರೀ," ಅಂದಳು. "ನಿಮ್ಮ ಗುಲಾಬಿ ಅಲ್ಲ ಅದು."

ಮಾಲಿ ಮೂವತ್ತು ವರ್ಷ ನಗರಸಭೆಯ ಪಾರ್ಕಿನಲ್ಲಿ ಗುಲಾಬಿ ಬೆಳೆಸಿದವನು. ಇಂಥ ಗಿಡಗಳನ್ನು ಕಳೆಯೆಂದು ಕಿತ್ತೆಸೆದೇ ಸಂಬಳ ತಿಂದವನು. ಆದರೂ ಹೇಳಿದಂತೆ ಮಾಡಿದ. ಮೊದಲ ಮಳೆ ಬಿದ್ದ ಮರುದಿನ ಬೀಜಕ್ಕೆ ಮರಳು ಬೆರೆಸಿ ಚೆಲ್ಲಿ, ಅಂಗಾಲಿನಿಂದ ಒತ್ತಿದ.

ಹತ್ತನೇ ದಿನಕ್ಕೆ ಮೊಳಕೆ ಬಂತು. ಕಡ್ಡಿಯಂಥ ಬಡಕಲು ಸಸಿಗಳು. ಒಳಗೆ ಅವಳ ಕೈಯೂ ಹಾಗೇ ಆಗಿತ್ತು. ಅವನಿಗೆ ತಡೆಯಲಾಗಲಿಲ್ಲ. ಅವಳು ನಿದ್ದೆ ಹೋದ ಒಂದು ಮಧ್ಯಾಹ್ನ ಎರಡು ಮೂಟೆ ಕೊಟ್ಟಿಗೆ ಗೊಬ್ಬರ ತಂದು ಬುಡಕ್ಕೆಲ್ಲ ಸುರಿದ.

ಗಿಡ ಸೊಂಟದೆತ್ತರ ಬೆಳೆಯಿತು. ಎಲೆ ಅಂಗೈಯಗಲ. ಮೊಗ್ಗಿನ ಸುಳಿವಿಲ್ಲ. ಎರಡೂವರೆ ತಿಂಗಳು ಕಳೆದಾಗ, ಹಿಂದೆ ಗುಡ್ಡದ ನರ್ಸರಿಯಲ್ಲಿ ಕಾಡುಗಿಡ ಬೆಳೆಸುತ್ತಿದ್ದ ಪಾರ್ಕಿನ ಮೇಸ್ತ್ರಿಯನ್ನು ಕರೆತಂದು ತೋರಿಸಿದ. ಆತ ಬುಡ ಕೆದಕಿ, ಬೆರಳು ಮೂಸಿ, ನಿನಗೆ ಹೂ ಬೇಕಿತ್ತೋ ಸೊಪ್ಪು ಬೇಕಿತ್ತೋ ಎಂದು ನಕ್ಕ. ಕಿಟಕಿಯತ್ತ ಕಣ್ಣು ಹೋದ ಮೇಲೆ ದನಿ ತಗ್ಗಿಸಿದ.

"ಇದು ಬಡ ನೆಲದ ಗಿಡ ಕಣಯ್ಯ. ಹೊಟ್ಟೆ ತುಂಬಿದ್ರೆ ಎಲೆ ಬಿಟ್ಕೊಂಡು ಕೂತಿರುತ್ತೆ. ಸಾಯ್ತೀನಿ ಅನ್ನೋ ಭಯ ಇದ್ರೆ ತಾನೇ ಹೂ ಬಿಡೋದು?"

ಇನ್ನು ಏನು ಮಾಡಿದರೂ ಈ ಸಲಕ್ಕೆ ಹೂವಿಲ್ಲ ಎಂದು ಹೇಳಿ ಹೋದ.

ಆ ವಾರ ಅವಳ ಕಣ್ಣು ಮಂಜಾಯಿತು. ಕಿಟಕಿಯಲ್ಲಿ ಹಸಿರು ಅಲುಗುವುದಷ್ಟೇ ಕಾಣುತ್ತಿತ್ತು. ಹೂ ಬಿಡ್ತಾ ಎಂದು ಕೇಳಿದಳು. ಬಿಟ್ಟಿದೆ ಎಂದ.

"ಯಾವ ಬಣ್ಣ?"

ಪೊಟ್ಟಣ ಕೈಗೆ ಬಂದಾಗ ಅವನು ಕೇಳಿರಲಿಲ್ಲ. ಅದಕ್ಕೂ ಮುಂಚೆ, ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಾ ಅವಳು ಆ ಹೂವಿನ ಮಾತೆತ್ತಿದಾಗಲೆಲ್ಲ ಕೇಳಿಸಿಕೊಂಡಿರಲೂ ಇಲ್ಲ.

"ನೀಲಿ," ಅಂದ.

"ಹಳದಿ ರೀ ಅದು." ನಗುವಷ್ಟು ಉಸಿರು ಅವಳಲ್ಲಿರಲಿಲ್ಲ. "ಗೊಬ್ಬರ ಹಾಕಿದ್ರಿ ಅಲ್ವಾ?"

ಅವನು ಹೂಂ ಅಂದ. ಅವಳು ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡಳು. ಸಾಯುವತನಕ, ಅಂದರೆ ಇನ್ನು ನಾಲ್ಕು ದಿನ, ಕಿಟಕಿಯ ಕಡೆ ಹೊರಳಲಿಲ್ಲ.