ಡ್ರಮ್ ಮೈಕಿಗೆ ಸೋರಿದ ದನಿ

೧

ಹೆಡ್‌ಫೋನಿನ ವಾಲ್ಯೂಮನ್ನು ಎಷ್ಟರಮಟ್ಟಿಗೆ ಏರಿಸಬೇಕು ಎಂಬುದು ಮನುಕುಲ ಇನ್ನೂ ಬಗೆಹರಿಸಿಕೊಳ್ಳದ ಮಹಾಪ್ರಶ್ನೆ. ಕಥೆಯನ್ನು ಇದರಿಂದ ಶುರುಮಾಡಲೇ, ಡ್ರಮ್ಮರನೊಬ್ಬನ ಹೆಂಡತಿ ಬಿಟ್ಟುಹೋದದ್ದರಿಂದ ಶುರುಮಾಡಲೇ? (ಎರಡನೆಯದಕ್ಕೆ ಓದುಗರು ಹೆಚ್ಚು. ಆದರೂ ಮೊದಲನೆಯದೇ ಇರಲಿ. ಎರಡನೆಯದು ತಾನಾಗಿ ಬರುತ್ತದೆ.)

೨

ಬ್ಯಾಂಡಿನಲ್ಲಿ ಡ್ರಮ್ಮರ್, ಹಾಡುವ ಅವನ ಹೆಂಡತಿ, ಗಿಟಾರ್ ನುಡಿಸಿ ರೆಕಾರ್ಡಿಂಗನ್ನೂ ನೋಡಿಕೊಳ್ಳುವ ಅವಳ ತಮ್ಮ. ಅವರ ಕ್ರಮ ಹೀಗೆ: ಮೊದಲು ಅವಳು ಪಕ್ಕದ ಕೋಣೆಯಲ್ಲಿ ಬರೀ ದಾರಿ ತೋರಿಸಲೆಂದು ಹಾಡುವುದು, ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಇವನು ಬಾರಿಸುವುದು, ಆಮೇಲೆ ಆ ಕಚ್ಚಾ ಹಾಡನ್ನು ಅಳಿಸಿ ಅವಳು ಸರಿಯಾಗಿ ಮತ್ತೆ ಹಾಡುವುದು.

ಪ್ರೀತಿಯ ಹಾಡು. ಅಂದರೆ, ಗಿಟಾರು ಗಂಟಲು ಕಟ್ಟಿದವರಂತೆ ಒರಲುತ್ತದೆ. ಪಲ್ಲವಿಗೆ ಮುಂಚೆ ಎಲ್ಲವೂ ತಗ್ಗಿ, ಒಂದು ಸಾಲು ಮಾತ್ರ ಉಳಿಯುತ್ತದೆ:

ಬಾಗಿಲು ಹಾಕಿಕೋ, ನಾನು ಒಳಗೇ ಇದ್ದೀನಿ.

ಇವನು ಬಾರಿಸಿದ್ದಾಯಿತು, ಕಚ್ಚಾ ಹಾಡನ್ನು ಅಳಿಸಿದ್ದಾಯಿತು. ಮತ್ತೆ ಹಾಡುವ ಮೊದಲೇ ಅವಳು ಹೋದಳು. (ತಾನಾಗಿ ಬರುತ್ತದೆ ಎಂದಿದ್ದೆನಲ್ಲ.) ಜಗಳವಿಲ್ಲ, ರಂಪವಿಲ್ಲ. "ಹಾಡು ನೀವೇ ಇಟ್ಕೊಳ್ಳಿ. ಅದರಲ್ಲಿ ನನ್ನ ದನಿ ಮಾತ್ರ ಇರಬಾರದು" ಎಂದಳು. ಡ್ರಮ್ಮರ್ ಒಪ್ಪಿದ. ಬೇರೊಬ್ಬಳು ಬಂದು ಅಚ್ಚುಕಟ್ಟಾಗಿ ಹಾಡಿಹೋದಳು.

೩

"ಭಾವಾ, ಇಲ್ಲಿ ಸ್ವಲ್ಪ ಕೇಳಿ" ಎಂದ ತಮ್ಮ. (ಅಕ್ಕ ಬಿಟ್ಟುಹೋದವನನ್ನು ಏನೆಂದು ಕರೆಯಬೇಕು? ಪದವಿಲ್ಲ. ಹಳೆಯದನ್ನೇ ಸವೆಸುತ್ತಿದ್ದಾನೆ.)

ಉಳಿದದ್ದೆಲ್ಲ ಮುಚ್ಚಿ ಡ್ರಮ್ ಮೈಕನ್ನಷ್ಟೇ ಕೇಳಿಸಿದ. ತಾಳ ತಗ್ಗುವ ಜಾಗದಲ್ಲಿ, ಸಿಂಬಲ್ ಎಂಬ ಕಂಚಿನ ತಟ್ಟೆಯ ನಡುಕದ ಹಿಂದೆ, ಕೊಡದೊಳಗಿಂದ ಬಂದಂತೆ: ನಾನು ಒಳಗೇ ಇದ್ದೀನಿ.

"ಹೆಡ್‌ಫೋನ್ ಅಷ್ಟು ಜೋರಾಗಿ ಇಟ್ಕೊಂಡಿದ್ರಾ? ಅದು ಕಿವಿಯೋ ತೂತೋ? ಹೊರಗೆ ಸೋರಿ ಮೈಕಿಗೆ ಬಿದ್ದಿದೆ."

"ತೆಗೆಯಕ್ಕಾಗಲ್ವಾ?"

"ಹಾಲಿಗೆ ಬಿದ್ದ ನೀರು ತೆಗೀತಾರಾ? ನೀವು ಮತ್ತೆ ಬಾರಿಸಬೇಕು."

"ಹೀಗೆ ಇನ್ನೊಂದ್ಸಲ ಬರಲ್ಲ ಕಣೋ."

"ಗೊತ್ತು. ಅಕ್ಕಂಗೆ ಮಾತು ಕೊಟ್ಟಿರೋದೂ ಗೊತ್ತು."

೪

ಮೊದಲ ಕೊನೆ: ಹಾಗೆಯೇ ಬಿಟ್ಟರು. ಎಲ್ಲೋ ಬಸ್ಸಿನಲ್ಲಿ ಅವಳಿಗೆ ಆ ಹಾಡು ಕೇಳಿಸಿತು, ತನ್ನ ದನಿಯ ಗುರುತು ಹತ್ತಿತು, ಮುಂದಿನ ಸ್ಟಾಪಿನಲ್ಲೇ ಇಳಿದು...

"ಸಾರ್, ಇದು ಬೇಡ" ಎಂದು ಡ್ರಮ್ಮರ್ ನನ್ನನ್ನು ತಡೆದ. "ಅವಳು ಬರಲ್ಲ."

"ಕಥೇಲಾದರೂ ಬರಲಿ ಬಿಡಪ್ಪ."

"ಕಥೇಲಿ ಬಂದ್ರೆ ನಮ್ಮನೇಲಿ ಲೈಟ್ ಹತ್ಕೊಳ್ಳುತ್ತಾ?"

ಆ ಕೊನೆಯನ್ನು ಹೊಡೆದುಹಾಕಿದೆ.

೪ (ಮತ್ತೆ)

ಅವನು ವಾಲ್ಯೂಮ್ ತಗ್ಗಿಸಿ, ಹೊಸಬಳ ಹಾಡಿಗೆ ಮತ್ತೆ ಬಾರಿಸಿದ. ಪ್ರತಿ ಪೆಟ್ಟೂ ತನ್ನ ಜಾಗದಲ್ಲೇ ಬಿತ್ತು, ಗೋಡೆಗೆ ಮೊಳೆ ಹೊಡೆದ ಹಾಗೆ. ಹಳೆಯದನ್ನು ತಾನೇ ಅಳಿಸಿದ. ತಮ್ಮ ಹೊಸದರ ಡ್ರಮ್ ಮೈಕನ್ನಷ್ಟೇ ಹಾಕಿ, ಒಂದೇ ಜಾಗವನ್ನು ಎರಡು ಸಲ ಕೇಳಿದ.

"ಸೋರಿದೆಯೇನೋ?"

"ಅಕ್ಕಂದಿಲ್ಲ." ತಮ್ಮ ವಾಲ್ಯೂಮ್ ಏರಿಸಿದ. "ಭಾವಾ, ಬಾರಿಸೋವಾಗ ನೀವು ಹಾಡ್ತಿದ್ರಾ?"

ಸಿಂಬಲ್ಲಿನ ಹಿಂದೆ, ರಾಗಕ್ಕೂ ತನಗೂ ಸಂಬಂಧವಿಲ್ಲದ ಒಂದು ಗಂಡಸಿನ ಗೊಣಗು: ನಾನು ಒಳಗೇ ಇದ್ದೀನಿ.

"ಮತ್ತೆ ಬಾರಿಸ್ಲಾ?"

"ಬೇಡ ಬಿಡಿ. ನಿಮ್ಮ ದನಿ ಇರಬಾರದು ಅಂತ ಅಕ್ಕ ಹೇಳಿಲ್ಲ."

೫

ಅವಳು ಎಂದಾದರೂ ಅದನ್ನು ಕೇಳಿದಳೇ? ನಕ್ಕಳೇ? ನನ್ನನ್ನು ಕೇಳಬೇಡಿ, ಬರೆಯಲು ಹೋದರೆ ಡ್ರಮ್ಮರ್ ಕೈ ತಡೆಯುತ್ತಾನೆ. ಹಾಡು ಬಿಡುಗಡೆಯಾಗಿದೆ. ಅದರಲ್ಲಿ ಅವಳ ದನಿ ಇಲ್ಲ.